ಬಟ್ಟೆಯಡಿ ದಾರ ಗಂಟಾಗುವುದೇಕೆ?

ಪ್ರಶ್ನೆ: ಹೊಲಿಗೆ ಯಂತ್ರಕ್ಕೆ ಹೊಸದಾಗಿ ದಾರ ಪೋಣಿಸಿದಾಗಲೆಲ್ಲ ಬಟ್ಟೆಯ ಕೆಳಭಾಗದಲ್ಲಿ ದಾರ ಗಂಟುಗಂಟಾಗಿ ಸಿಕ್ಕಿಕೊಳ್ಳುತ್ತದೆ. ಬಾಬಿನ್ (ಕೆಳಗಿನ ದಾರ ಸುತ್ತಿದ ಉರುಳೆ) ಬದಲಿಸಿದರೂ ಸರಿಹೋಗಲಿಲ್ಲ. ಕಾರಣವೇನು?

ಉತ್ತರ: ಗಂಟು ಕೆಳಗೆ ಕಂಡರೂ ದೋಷ ಹೆಚ್ಚಾಗಿ ಮೇಲಿನ ದಾರದಲ್ಲಿಯೇ ಇರುತ್ತದೆ. ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಷರ್ ಫೂಟ್ ಇಳಿದಿರುವಾಗ, ಮೇಲಿನ ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುವುದರಿಂದ, ಆಗ ಪೋಣಿಸಿದ ದಾರ ಅವುಗಳ ನಡುವೆ ಕೂರದೆ, ಹಿಡಿತವಿಲ್ಲದೆ ಸಡಿಲವಾಗಿ ಕೆಳಗಿಳಿದು ಸುತ್ತಿಕೊಳ್ಳುತ್ತದೆ. ಆದ್ದರಿಂದ ಫೂಟ್ ಎತ್ತಿ, ಕೈಚಕ್ರ ತಿರುಗಿಸಿ ಸೂಜಿಯನ್ನು ಪೂರ್ತಿ ಮೇಲಕ್ಕೆ ತಂದು, ದಾರವನ್ನು ಮೊದಲಿನಿಂದ ಪೋಣಿಸಿರಿ. ಸೂಜಿಯೊಂದಿಗೆ ಏರಿಳಿಯುವ ಟೇಕಪ್ ಲಿವರಿನಲ್ಲಿ ಅದು ಹಾದಿದೆಯೇ ಎಂಬುದನ್ನು ತಪ್ಪದೆ ನೋಡಿರಿ, ಹಲವರು ಮರೆಯುವುದು ಇಲ್ಲಿಯೇ. ಬಳಿಕ ಫೂಟ್ ಇಳಿಸಿ ದಾರವನ್ನು ಎಳೆದಾಗ ಬಿಗಿ ತೋರಿದರೆ ಅದು ಸರಿಯಾಗಿ ಕೂತಿದೆ. ಇದನ್ನು ಪರೀಕ್ಷಿಸುವ ಮೊದಲು ಟೆನ್ಷನ್ ಗುಂಡಿಯನ್ನು ದಯವಿಟ್ಟು ತಿರುಗಿಸಬೇಡಿರಿ.