ಗುವಾಂಗ್‌ಝೌನಲ್ಲಿ ಒಬ್ಬರೇ ಮೊದಲ ದಿನ: ಬೆಳಗಿನ ಜಾವ 4ಕ್ಕೆ ಇಳಿಯುವವರಿಗೆ

ಅಕ್ಕಾ, ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ನವೆಂಬರ್‌ನಲ್ಲಿ ಕೋಲ್ಕತ್ತಾದಿಂದ ರಾತ್ರಿ ವಿಮಾನ, ಬೆಳಗಿನ ಜಾವ 4ಕ್ಕೆ ಗುವಾಂಗ್‌ಝೌ. ರೂಮು ಅದೇ ಊರಿನ ಬೀಜಿಂಗ್ ರಸ್ತೆ ಹತ್ತಿರ. ಒಬ್ಬರೇ, ಚೀನಾಕ್ಕೆ ಮೊದಲ ಸಲ, ಶುದ್ಧ ಸಸ್ಯಾಹಾರಿ. ಮೊದಲ ದಿನ ಏನೇನು ನೋಡಬಹುದು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಕೆಲವರು ಆಗಲೇ ಕ್ಯಾಂಟನ್ ಟವರ್, ಸಫಾರಿ ಪಾರ್ಕ್, ನದಿಯಲ್ಲಿ ದೋಣಿ ಸುತ್ತು ಅಂತ ದೊಡ್ಡ ಪಟ್ಟಿ ಕೊಟ್ಟಿದ್ದಾರೆ. ಅವೆಲ್ಲ ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ 4 ಅಂದರೆ ನಿಮ್ಮ ಮೈಗೆ ರಾತ್ರಿ ಒಂದೂವರೆ. ನಿದ್ದೆ ಇರುವುದಿಲ್ಲ. ಆ ದಿನ ಫೋನು, ದುಡ್ಡು, ರೂಮು ಮೂರೂ ಸರಿಹೋಗಿ, ಒಂದೇ ಕೇರಿಯಲ್ಲಿ ನಿಧಾನಕ್ಕೆ ಓಡಾಡಿದರೆ ಸಾಕು.

ನಾನು ಬಳ್ಳಾರಿಯವನು. ಜೀನ್ಸ್ ಕೆಲಸ ನಮ್ಮದು. ಜಿಪ್, ಗುಂಡಿ, ರಿವೆಟ್ ನೋಡೋಕೆ ಅಂತ ಅಲ್ಲಿಯ ಝೋಂಗ್‌ದಾ ಬಟ್ಟೆ ಮಾರ್ಕೆಟ್ಟಿಗೆ ಮೂರು ಸಲ ಹೋಗಿದ್ದೇನೆ. ಕೊನೆಯ ಸಲ ಕೆಲಸ ಮುಗಿಸಿ ನಾಲ್ಕು ದಿನ ಒಬ್ಬನೇ ಉಳಿದೆ. ಊರು ತುಂಬಾ ಹಿಡಿಸಿತು.

ಮೊದಲು ಫೋನು. ಇದು ಕೋಲ್ಕತ್ತಾಗೆ ಹೊರಡುವ ಮುಂಚೆ, ಮನೆಯಲ್ಲೇ ಮುಗಿಯಬೇಕಾದ ಕೆಲಸ. ಅಲ್ಲಿ ದುಡ್ಡು ಕೊಡೋಕೆ ಬಳಸುವ ಆ್ಯಪ್‌ಗಳಾದ ಅಲಿಪೇ, ವೀಚಾಟ್ ಎರಡನ್ನೂ ಹಾಕಿಕೊಂಡು ಪಾಸ್‌ಪೋರ್ಟ್ ವಿವರ ಕೊಡಿ. ನಿಮ್ಮ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಅವಕ್ಕೆ ಲಿಂಕ್ ಮಾಡಿ. ಆದರೆ ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇರಲಿ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಆನ್ ಮಾಡುವುದನ್ನು ಮರೆಯಬೇಡಿ. ನಮ್ಮ ಯುಪಿಐ ನಂಬಿಕೊಂಡು ಹೋಗಬೇಡಿ. ಒಂದು ಸಲಕ್ಕೆ 200 ಯುವಾನ್ ಒಳಗಿನ ಪಾವತಿಗೆ ಅಲಿಪೇ ಶುಲ್ಕ ಹಿಡಿಯುವುದಿಲ್ಲ, ಮೇಲಾದರೆ 3% ಹಿಡಿಯುತ್ತದೆ. ಒಂದು ಯುವಾನ್ ಅಂದರೆ ಸುಮಾರು 12-13 ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ.

ಮೊದಲ ಸಲ ನಾನು ತಪ್ಪಿದ್ದು ಇಲ್ಲೇ. ಅಲ್ಲಿ ಹೋಗಿ ಕಾರ್ಡ್ ಲಿಂಕ್ ಮಾಡಿದರಾಯಿತು ಅಂದುಕೊಂಡಿದ್ದೆ. ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ. ಬ್ಯಾಂಕಿನ ಓಟಿಪಿ ಬರಲೇ ಇಲ್ಲ. ಒಂದು ಚಿಕ್ಕ ಅಂಗಡಿಯಲ್ಲಿ 2 ಯುವಾನ್ ನೀರಿನ ಬಾಟಲಿ ಕೈಯಲ್ಲಿ ಹಿಡಿದು ನಿಂತಿದ್ದೇನೆ, ಜೇಬಲ್ಲಿ ಬರೀ ಡಾಲರ್. ಹಿಂದೆ ನಾಲ್ಕು ಜನ ಸಾಲು. ಅಂಗಡಿಯ ಹೆಂಗಸು ನನ್ನ ಮುಖ ನೋಡಿದರು. ಬಾಟಲಿಯನ್ನು ನನ್ನ ಕಡೆಗೇ ತಳ್ಳಿ, ಹೋಗು ಹೋಗು ಅಂತ ಕೈ ಮಾಡಿದರು. ಮರುದಿನ ಹುಡುಕಿಕೊಂಡು ಹೋಗಿ 2 ಯುವಾನ್ ಕೊಟ್ಟು ಬಂದೆ. ಅವರ ಒಳ್ಳೆಯತನ ಇನ್ನೂ ನೆನಪಿದೆ. ಆದರೆ ನೀವು ಆ ಪರಿಸ್ಥಿತಿಗೆ ಬರಬೇಡಿ. 300 ಯುವಾನ್‌ನಷ್ಟು ಸಣ್ಣ ನೋಟು ಕೈಯಲ್ಲಿ ಇರಲಿ, 10, 20ರದ್ದು.

ರೋಮಿಂಗ್ ಪ್ಯಾಕ್ ಹಾಕಿಸುವುದಕ್ಕೆ ಇನ್ನೊಂದು ಕಾರಣ ಇದೆ. ಚೀನಾದಲ್ಲಿ ಗೂಗಲ್, ಜಿಮೇಲ್, ವಾಟ್ಸಾಪ್, ಯೂಟ್ಯೂಬ್ ಓಡುವುದಿಲ್ಲ. ಹೋಟೆಲ್ ವೈಫೈ ಹಿಡಿದರೂ ಅಷ್ಟೇ. ನಮ್ಮ ಸಿಮ್‌ನ ರೋಮಿಂಗ್ ಡೇಟಾ ಮಾತ್ರ ನಮ್ಮ ಕಂಪನಿಯ ದಾರಿಯಲ್ಲೇ ಹೋಗುವುದರಿಂದ ವಾಟ್ಸಾಪ್ ನಡೆಯುತ್ತದೆ. ಇದನ್ನು ಮನೆಯವರಿಗೂ ಹೇಳಿಡಿ, ಮೆಸೇಜ್ ಬರಲಿಲ್ಲ ಅಂತ ಗಾಬರಿಯಾಗುವುದು ತಪ್ಪುತ್ತದೆ. ದಾರಿಗೆ ಅಮ್ಯಾಪ್ ಅನ್ನುವ ಅಲ್ಲಿಯ ಮ್ಯಾಪ್ ಆ್ಯಪ್ ಹಾಕಿಕೊಳ್ಳಿ, ಇಂಗ್ಲಿಷ್‌ನಲ್ಲೂ ಬರುತ್ತದೆ. ಗೂಗಲ್ ಮ್ಯಾಪ್ ಅಲ್ಲಿ ಸಿಕ್ಕರೂ ಜಾಗ ಆಚೀಚೆ ತೋರಿಸುತ್ತದೆ, ಬೀದಿಯ ಆ ಬದಿಗೆ ಹೋಗಿ ನಿಲ್ಲುತ್ತೀರಿ. ಅನುವಾದದ ಆ್ಯಪ್‌ಗೆ ಚೈನೀಸ್ ಆಫ್‌ಲೈನ್ ಪ್ಯಾಕ್ ಇಳಿಸಿಕೊಳ್ಳಿ. ಹೋಟೆಲಿನ ಹೆಸರು, ವಿಳಾಸ ಚೈನೀಸ್ ಅಕ್ಷರದಲ್ಲೇ ಸ್ಕ್ರೀನ್‌ಶಾಟ್ ಇರಲಿ, ಒಂದು ಚೀಟಿಯಲ್ಲೂ ಪ್ರಿಂಟ್ ಇರಲಿ. ವಿದೇಶಿ ಪಾಸ್‌ಪೋರ್ಟ್‌ನವರಿಗೆ ರೂಮು ಕೊಡುತ್ತೀರಾ ಅಂತ ಈಗಲೇ ಮೆಸೇಜ್ ಮಾಡಿ ಕೇಳಿ.

ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ ಧಾರಾಳವಾಗಿ ಇಟ್ಟುಕೊಳ್ಳಿ. ತಾಜಾ ಹಣ್ಣು ಮತ್ತು ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ, ಹಾಗಾಗಿ ತುಪ್ಪದ ಡಬ್ಬಿ ಬೇಡ. ಟಿಶ್ಯೂ ಜಾಸ್ತಿ ಇರಲಿ, ಸಾರ್ವಜನಿಕ ಶೌಚಾಲಯದಲ್ಲಿ ನೀರಿನ ವ್ಯವಸ್ಥೆ ಇರುವುದಿಲ್ಲ.

ಈಗ ಆ ದಿನಕ್ಕೆ ಬರೋಣ. ಬೆರಳಚ್ಚು, ಇಮಿಗ್ರೇಷನ್, ಲಗೇಜು ಎಲ್ಲ ಮುಗಿಯುವಷ್ಟರಲ್ಲಿ 5 ದಾಟಿರುತ್ತದೆ. "ಟ್ಯಾಕ್ಸಿ? ಟ್ಯಾಕ್ಸಿ?" ಅಂತ ಯಾರಾದರೂ ಹತ್ತಿರ ಬಂದರೆ ಉತ್ತರವನ್ನೇ ಕೊಡಬೇಡಿ. ಒಬ್ಬರೇ ಹೆಂಗಸು, ಕತ್ತಲಲ್ಲಿ ಹೊರಡುವ ಅವಸರ ಬೇಡ. ಒಳಗೇ ಕೂತು ಮುಖ ತೊಳೆದು, ಮನೆಗೆ ಮೆಸೇಜ್ ಮಾಡಿ. 6ರ ಹೊತ್ತಿಗೆ ಮೆಟ್ರೋ ಶುರುವಾಗುತ್ತದೆ.

ವಿಮಾನ ನಿಲ್ದಾಣದಿಂದ 3ನೇ ಲೈನ್ ಹಿಡಿದು ಜಿಯಾಹೆ ವಾಂಗ್‌ಗಾಂಗ್ ಸ್ಟೇಷನ್‌ನಲ್ಲಿ ಇಳಿಯಿರಿ. ಅಲ್ಲಿ 2ನೇ ಲೈನಿಗೆ ಬದಲಾಯಿಸಿದರೆ ನೇರ ಗೊಂಗ್‌ಯುವಾನ್‌ಚಿಯೆನ್. ಬೀಜಿಂಗ್ ರಸ್ತೆ ಅಲ್ಲಿಂದ ನಡೆಯುವಷ್ಟು ದೂರ. 3ನೇ ಲೈನಿನಲ್ಲೇ ಮುಂದಕ್ಕೆ ತಿಯು ಶೀಲು ಕಡೆಗೆ ಹೋಗಬೇಡಿ. ಬೆಳಿಗ್ಗೆ ಆ ಸ್ಟೇಷನ್‌ನಲ್ಲಿ ಸೂಟ್‌ಕೇಸ್ ಹಿಡಿದು ನಿಲ್ಲುವುದಕ್ಕೂ ಆಗುವುದಿಲ್ಲ. ಏಳೂವರೆ ಮೇಲೆ ಎಲ್ಲ ಕಡೆ ಜನ ಏರುತ್ತಾರೆ, ಮೊದಲ ರೈಲುಗಳಲ್ಲೇ ಹೊರಟುಬಿಡಿ. ಮೆಷಿನ್‌ನಲ್ಲಿ ಟಿಕೆಟ್ ತೆಗೆದರೆ ಪ್ಲಾಸ್ಟಿಕ್ ಟೋಕನ್ ಬೀಳುತ್ತದೆ, ನಮ್ಮ ಮೆಟ್ರೋದ ಟೋಕನ್ ಥರವೇ. ಒಳಗೆ ಹೋಗುವಾಗ ಮುಟ್ಟಿಸುವುದು, ಹೊರಗೆ ಬರುವಾಗ ಸಂದಿಗೆ ಹಾಕುವುದು. ಬೆಂಗಳೂರಲ್ಲಿ ಓಡಾಡಿದವರಿಗೆ ಕಷ್ಟವೇ ಇಲ್ಲ.

ಹೋಟೆಲಿನಲ್ಲಿ ಬೆಳಿಗ್ಗೆ ರೂಮು ಸಿಗುವುದು ಅನುಮಾನ. ಬ್ಯಾಗು ಮಾತ್ರ ಇಟ್ಟುಕೊಳ್ಳಿ ಅಂತ ಕೇಳಿ. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡುತ್ತಾರೆ. 24 ಗಂಟೆಯೊಳಗೆ ನೀವು ಎಲ್ಲಿದ್ದೀರಿ ಅಂತ ಪೊಲೀಸರಲ್ಲಿ ದಾಖಲಾಗಬೇಕು, ಆ ಕೆಲಸ ಹೋಟೆಲಿನವರದ್ದು. ಪಾಸ್‌ಪೋರ್ಟ್ ವಾಪಸ್ ಪಡೆದು ಮೈಗೆ ಅಂಟಿಸಿಕೊಂಡೇ ಇರಿ.

ಆಮೇಲೆ ಪಕ್ಕದ ರೆನ್‌ಮಿನ್ ಪಾರ್ಕಿಗೆ ಹೋಗಿ ಸುಮ್ನೆ ಕೂತುಕೊಳ್ಳಿ. ವಯಸ್ಸಾದವರು ವ್ಯಾಯಾಮ ಮಾಡುತ್ತಾ, ಹಾಡಿಗೆ ಹೆಜ್ಜೆ ಹಾಕುತ್ತಾ ಇರುತ್ತಾರೆ. ದೊಡ್ಡ ಊರಿನ ಭಯ ಅಲ್ಲಿ ಕೂತ ಅರ್ಧ ಗಂಟೆಯಲ್ಲಿ ನನಗೆ ಇಳಿದುಹೋಗಿತ್ತು.

ರಸ್ತೆ ದಾಟುವಾಗ ಮಾತ್ರ ಎಚ್ಚರ. ಗಾಡಿಗಳು ಬಲಗಡೆ ಓಡುತ್ತವೆ, ಹಾಗಾಗಿ ಮೊದಲು ಎಡಕ್ಕೆ ನೋಡಬೇಕು. ನಮ್ಮ ಕತ್ತು ತಾನಾಗಿ ಬಲಕ್ಕೇ ತಿರುಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್‌ಗಳು ಸದ್ದೇ ಇಲ್ಲದೆ ಬರುತ್ತವೆ, ಫುಟ್‌ಪಾತ್ ಮೇಲೂ ಬರುತ್ತವೆ. ಫೋನ್ ನೋಡುತ್ತಾ ನಡೆಯಬೇಡಿ.

ತಿಂಡಿಗೆ ಅಕ್ಕಿಹಿಟ್ಟಿನ ಚಾಂಗ್‌ಫೆನ್ ಮಾಡುವ ಅಂಗಡಿ ಹುಡುಕಿ. ಹಬೆ ಪೆಟ್ಟಿಗೆಯಿಂದ ತಟ್ಟೆಯನ್ನು ಮೇಜಿನ ಡ್ರಾಯರ್ ಥರ ಹೊರಗೆಳೆದು, ತೆಳ್ಳಗೆ ಹಿಟ್ಟು ಹೊಯ್ದು ಒಳಗೆ ತಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ನೀರುದೋಸೆಯಂಥ ಹಾಳೆ ಸಿದ್ಧ. ಅದನ್ನು ಕೆರೆದು ಮಡಿಸಿ, ಕತ್ತರಿಸಿ, ಮೇಲೆ ಸೋಯಾ ಸಾಸ್ ಸುರಿಯುತ್ತಾರೆ. ಒಳಗೆ ಮೊಟ್ಟೆ, ಮಾಂಸ ಏನೂ ಇಲ್ಲದ ಖಾಲಿಯದ್ದೂ ಸಿಗುತ್ತದೆ. ಬರೀ ಅಕ್ಕಿಯದ್ದು ಬೇಕು ಅಂತ ಅನುವಾದದಲ್ಲಿ ತೋರಿಸಿ. ಜೊತೆಗೆ ಬಿಸಿ ಸೋಯಾ ಹಾಲು.

"ಸಸ್ಯಾಹಾರಿ" ಅನ್ನುವ ಒಂದು ಪದ ಅಲ್ಲಿ ಸಾಲುವುದಿಲ್ಲ ಅಕ್ಕಾ. "ವೋ ಛ ಸು", ಅಂದರೆ ನಾನು ಸಸ್ಯಾಹಾರ ತಿನ್ನುತ್ತೇನೆ ಅಂದರೂ, ಸೊಪ್ಪಿನ ಪಲ್ಯಕ್ಕೆ ಹಂದಿ ಕೊಬ್ಬು, ಆಯ್ಸ್ಟರ್ ಅನ್ನುವ ಸಿಂಪಿಯ ಸಾಸ್ ಅಥವಾ ಕೋಳಿ ಸಾರು ಬಿದ್ದಿರಬಹುದು. ಅವರು ಬೇಕಂತ ಮಾಡುವುದಲ್ಲ, ಅಲ್ಲಿಯ ಅಡುಗೆಯೇ ಹಾಗೆ. "ಮಾಂಸ, ಮೀನು, ಸೀಗಡಿ, ಮೊಟ್ಟೆ, ಹಂದಿ ಕೊಬ್ಬು, ಆಯ್ಸ್ಟರ್ ಸಾಸ್, ಮಾಂಸದ ಸಾರು ಯಾವುದೂ ಬೇಡ" ಅಂತ ಪೂರ್ತಿ ವಾಕ್ಯವನ್ನು ಚೈನೀಸ್‌ನಲ್ಲಿ ಫೋಟೋ ಮಾಡಿಟ್ಟುಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಈ ತಲೆನೋವೇ ಬೇಡ. ಬೀಜಿಂಗ್ ರಸ್ತೆ ಬಳಿ ದಾಫೋ ಬೌದ್ಧ ದೇವಸ್ಥಾನ ಇದೆ, ಅಲ್ಲಿ ಸಸ್ಯಾಹಾರಿ ಊಟ ಸಿಗುತ್ತದೆ. ತಟ್ಟೆಯಲ್ಲಿ ಮಾಂಸದ ಹಾಗೆ ಕಾಣುವುದು ಬಂದರೆ ಗಾಬರಿಯಾಗಬೇಡಿ, ಅದು ಸೋಯಾ, ಗೋಧಿಯಿಂದ ಮಾಡಿದ್ದು.

ಚಹಾದ ಹೋಟೆಲಿನಲ್ಲಿ ಕೂತರೆ ಒಂದು ಪದ್ಧತಿ ನೋಡುತ್ತೀರಿ. ಮೊದಲ ಸಲದ ಬಿಸಿ ಚಹಾವನ್ನು ಬಟ್ಟಲಿಗೆ ಹಾಕಿ, ಚಾಪ್‌ಸ್ಟಿಕ್, ಚಮಚ, ಲೋಟ ಎಲ್ಲ ಅದ್ದಿ ತೊಳೆದು, ಮೇಜಿನ ಮೇಲಿನ ದೊಡ್ಡ ಬೋಗುಣಿಗೆ ಚೆಲ್ಲುತ್ತಾರೆ. ನೀವೂ ಹಾಗೇ ಮಾಡಿ. ಯಾರಾದರೂ ನಿಮ್ಮ ಲೋಟಕ್ಕೆ ಚಹಾ ಹಾಕಿದರೆ ಎರಡು ಬೆರಳಿಂದ ಮೇಜು ತಟ್ಟಿ, ಅದೇ ಥ್ಯಾಂಕ್ಸ್. ಬಾಯಲ್ಲಿ ಹೇಳುವುದಾದರೆ "ಮ್‌ಗೋಯ್". ಅದು ಆ ಊರಿನ ಕ್ಯಾಂಟನೀಸ್ ಮಾತು. ಹೊರಗಿನವರ ಬಾಯಲ್ಲಿ ಅದನ್ನು ಕೇಳಿದರೆ ಅವರ ಮುಖವೇ ಬದಲಾಗುತ್ತದೆ.

ಊಟ ಆದ ಮೇಲೆ ರೂಮಿಗೆ ಹೋಗಿ ಎರಡು ಗಂಟೆ ಮಲಗಿ. ಪೂರ್ತಿ ಸಂಜೆವರೆಗೆ ಮಲಗಬೇಡಿ, ರಾತ್ರಿ ನಿದ್ದೆ ಕೆಡುತ್ತದೆ.

4ರ ಸುಮಾರಿಗೆ ಶಕ್ತಿ ಇದ್ದರೆ ಗೊಂಗ್‌ಯುವಾನ್‌ಚಿಯೆನ್‌ನಿಂದ 1ನೇ ಲೈನಿನಲ್ಲಿ ಮೂರೇ ಸ್ಟೇಷನ್, ಚಾಂಗ್‌ಶೋ ಲು. ಅಲ್ಲಿ ಹುವಾಲಿನ್ ದೇವಸ್ಥಾನ ಇದೆ. ದಕ್ಷಿಣ ಭಾರತದಿಂದ ಸಮುದ್ರದ ಮೇಲೆ ಹೋದ ಬೌದ್ಧ ಗುರು ಬೋಧಿಧರ್ಮ ಮೊದಲು ಕಾಲಿಟ್ಟದ್ದು ಅಲ್ಲೇ ಅಂತ ಅವರ ನಂಬಿಕೆ. ಒಳಗೆ 500 ಅರ್ಹಂತರ, ಅಂದರೆ ಬೌದ್ಧ ಸಿದ್ಧರ, ಮೂರ್ತಿಗಳಿವೆ, ಒಂದರಂತೆ ಒಂದಿಲ್ಲ. ಹೊರಗೆ ಪೂರ್ತಿ ಜೇಡ್ ಕಲ್ಲಿನ ಅಂಗಡಿಗಳು. ನೋಡಿ, ಮೊದಲ ದಿನ ಕೊಳ್ಳಬೇಡಿ. ಸಂಜೆ ಆರರೊಳಗೆ ಕತ್ತಲಾಗುತ್ತದೆ, ಆಫೀಸು ಬಿಡುವ ಹೊತ್ತಿನ ನೂಕುನುಗ್ಗಲಿಗೆ ಮುಂಚೆ ವಾಪಸ್ ಬಂದುಬಿಡಿ.

ಶಕ್ತಿ ಇಲ್ಲದಿದ್ದರೆ ಅದನ್ನೂ ಬಿಡಿ. ಬೀಜಿಂಗ್ ರಸ್ತೆಯಲ್ಲೇ ನಡೆಯಿರಿ. ರಸ್ತೆ ಮಧ್ಯೆ ಗಾಜು ಹೊದಿಸಿರುವ ಜಾಗ ಇದೆ. 2002ರಲ್ಲಿ ಅಗೆದಾಗ ಸಿಕ್ಕ ಹಳೆಯ ರಸ್ತೆಗಳ ಪದರಗಳು ಅವು, ಸಾವಿರ ವರ್ಷಕ್ಕೂ ಹಿಂದಿನ ಟಾಂಗ್ ರಾಜರ ಕಾಲದಿಂದ ಹಿಡಿದು ಒಂದರ ಮೇಲೊಂದು. ಅದರ ಪಕ್ಕದಲ್ಲೇ ಜನ ಐಸ್‌ಕ್ರೀಮ್ ತಿನ್ನುತ್ತಾ ಹೋಗುತ್ತಿರುತ್ತಾರೆ.

ಪೊಲೀಸ್ 110, ಆಂಬುಲೆನ್ಸ್ 120. ನಮ್ಮ ದೇಶದ ಕಾನ್ಸುಲೇಟ್ ಗುವಾಂಗ್‌ಝೌನಲ್ಲೇ ಇದೆ, ಅದರ ನಂಬರನ್ನೂ ವಿಳಾಸದ ಚೀಟಿಯ ಹಿಂದೆ ಬರೆದಿಡಿ. ಆ ಸಸ್ಯಾಹಾರದ ವಾಕ್ಯ ಬರೆದ ಫೋಟೋ ನನ್ನ ಹತ್ತಿರ ಇನ್ನೂ ಇದೆ, ಹುಡುಕಿ ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ. ಕಾರ್ಡ್ ಲಿಂಕ್ ಮಾಡುವಾಗ ಎಲ್ಲಾದರೂ ನಿಂತರೆ ಯಾವ ಹಂತ ಅಂತ ಬರೆಯಿರಿ.