ಹಳೇ ಟ್ರ್ಯಾಕ್ಟರ್ ತಗೊಳ್ಳೋರಿಗೆ: ನೀವು ಕೇಳಿದ್ದು, ನಾವು ಹೇಳಿದ್ದು

ಕೊಡಗಿನ ಓದುಗರಿಂದ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಬಗ್ಗೆನೇ ಇದೆ, ಅದಕ್ಕೆ ಈ ಸಂಚಿಕೆ ಪೂರ್ತಿ ಅದಕ್ಕೇ ಬಿಟ್ಟಿದೀವಿ. ಮೆಣಸಿನ ಬಳ್ಳಿ ಪ್ರಶ್ನೆಗಳು ಮುಂದಿನ ಸಲ.

ಪ್ರಶ್ನೆ: ನಮ್ದು ಮೂರೆಕರೆ ಕಾಫಿ, ಒಂದೂವರೆ ಎಕರೆ ಗದ್ದೆ. ಪಿರಿಯಾಪಟ್ಟಣ ಕಡೆಯವ್ರು ಒಬ್ರು ಮ್ಯಾಸಿ 1035, 2009ರ ಮಾಡೆಲ್ ಕೊಡ್ತೀನಿ ಅಂತಿದಾರೆ. ಇಂಜಿನ್ ಕೆಲ್ಸ ಆಗಿದೆ, ಪೇಂಟ್ ಹೊಸದು, ಎರಡೂವರೆ ಲಕ್ಷ ಹೇಳ್ತಿದಾರೆ. ತಗೋಬಹುದಾ ಸಾರ್? ಏನೇನು ನೋಡ್ಬೇಕು?
— ಓದುಗರು, ಸೋಮವಾರಪೇಟೆ

ಉತ್ತರ: ಪೇಂಟ್ ಹೊಸದು ಅಂದ್ರಲ್ಲ, ನನ್ನ ಮೊದಲ ಅನುಮಾನ ಅಲ್ಲೇ. ಮಾರೋಕೆ ಅಂತ ಪೇಂಟ್ ಹೊಡೆದಿರೋ ಗಾಡೀಲಿ ಆಯಿಲ್ ಎಲ್ಲಿ ಸೋರ್ತಿತ್ತು, ಎಲ್ಲಿ ವೆಲ್ಡಿಂಗ್ ಆಗಿದೆ ಅನ್ನೋದೆಲ್ಲ ಮುಚ್ಚಿ ಹೋಗಿರುತ್ತೆ, ಅದಕ್ಕಿಂತ ಮಾಸಲು ಬಣ್ಣದ ಗಾಡಿನೇ ವಾಸಿ, ಇರೋದನ್ನ ಇದ್ದಂಗೆ ತೋರಿಸುತ್ತೆ. ಆದ್ರೂ ನೋಡ್ಬಾರದು ಅಂತೇನಿಲ್ಲ, ಮ್ಯಾಸಿ ಒಳ್ಳೆ ಗಾಡಿ, ಸ್ಪೇರ್ ಸಿಗುತ್ತೆ, ಕೆಲ್ಸ ಗೊತ್ತಿರೋ ಮೆಕ್ಯಾನಿಕ್ಕೂ ಸಿಗ್ತಾರೆ.

ಬೆಳಿಗ್ಗೆ ಹೇಳದೆ ಕೇಳದೆ ಹೋಗಿ, ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ರೆ ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದಾರೆ ಅಂತ ಅರ್ಥ, ಆರೋವರೆಗೂ ಕಾಯಿರಿ, ಅಲ್ಲಿವರೆಗೆ ಕಾಗದ ನೋಡ್ಕೊಂಡು ಕೂತ್ಕೊಳ್ಳಿ. ತಣ್ಣಗಿರೋ ಇಂಜಿನ್ನಿನ ಆಯಿಲ್ ಕಡ್ಡಿ ಎಳೆದು ನೋಡಿ, ಆಯಿಲ್ ಕಪ್ಪಗಿದ್ರೆ ಪರವಾಗಿಲ್ಲ ಡೀಸಲ್ ಇಂಜಿನ್ ಅಲ್ವಾ, ಆದ್ರೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ಟೋ ಸ್ಲೀವ್ ಸೀಲೋ ಹೋಗಿರುತ್ತೆ. ರೇಡಿಯೇಟರ್ ಮುಚ್ಚಳಾನೂ ತಣ್ಣಗಿದ್ದಾಗಲೇ ತೆಗೆದು ನೀರಿನ ಮೇಲೆ ಆಯಿಲ್ ತೇಲ್ತಿದ್ಯಾ ನೋಡಿ.

ಆಮೇಲೆ ಸ್ಟಾರ್ಟ್ ಮಾಡ್ಸಿ. ಶುರೂಲಿ ಸ್ವಲ್ಪ ಬಿಳಿ ಹೊಗೆ ಬಂದು ಬಿಸಿ ಆಗ್ತಾ ನಿಂತ್ರೆ ತಲೆ ಕೆಡಿಸ್ಕೋಬೇಡಿ. ಬಿಸಿ ಆದ್ಮೇಲೂ ನೀಲಿ ಹೊಗೆ ಬರ್ತಾನೇ ಇದ್ರೆ ಆಯಿಲ್ ಸುಡ್ತಿದೆ. ಲೋಡಲ್ಲಿ ದಟ್ಟ ಕಪ್ಪು ಹೊಗೆ ಅಂದ್ರೆ ಏರ್ ಕ್ಲೀನರ್ ಕಟ್ಟಿದೆ ಇಲ್ಲಾ ಡೀಸಲ್ ಚಿಮ್ಮಿಸೋ ನಾಝಲ್, ಡೀಸಲ್ ಪಂಪ್ ಕೆಲ್ಸ ಇದೆ, ಇದು ಅಷ್ಟು ದೊಡ್ಡ ಖರ್ಚಿಂದಲ್ಲ, ಪಂಪ್ ಆದ್ರೆ ಸ್ವಲ್ಪ ಜಾಸ್ತಿ. ಇಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡೀರಿ, ಬುಸ್ ಬುಸ್ ಅಂತ ಗಾಳಿ ಒತ್ತಿ ಬಂದ್ರೆ ಪಿಸ್ಟನ್ ರಿಂಗ್ ಸವೆದಿದೆ, "ಇಂಜಿನ್ ಕೆಲ್ಸ ಆಗಿದೆ" ಅನ್ನೋ ಮಾತು ಅಲ್ಲಿಗೆ ಮುಗೀತು. ನಿಜವಾಗ್ಲೂ ಕೆಲ್ಸ ಆಗಿದ್ರೆ ಬಿಲ್ ಇರುತ್ತೆ, ಮಾಡಿದ ಮೆಕ್ಯಾನಿಕ್ ಇರ್ತಾನೆ, ಎರಡೂ ಕೇಳಿ.

ಎಲ್ರೂ ಇಂಜಿನ್ ಶಬ್ದ ಕೇಳಿ ತಲೆ ಆಡಿಸಿ ಅಡ್ವಾನ್ಸ್ ಕೊಟ್ಟು ಬರ್ತಾರೆ. ನಮ್ಮ ಏರು ಇಳಿಜಾರಿಗೆ ಇಂಜಿನ್ನಿಗಿಂತ ಬ್ರೇಕು, ಗೇರು ಮುಖ್ಯ ಸ್ವಾಮಿ. ಬಯಲು ಸೀಮೇಲಿ ಓಡಿದ ಗಾಡೀಲಿ ಬ್ರೇಕ್ ಅರ್ಧಂಬರ್ಧ ಹಿಡಿದ್ರೂ ಅವ್ರಿಗೆ ನಡೀತಿರುತ್ತೆ, ನಿಮ್ಮ ತೋಟದ ಇಳಿಜಾರಲ್ಲಿ ನಡೆಯಲ್ಲ. ಎಡ ಬಲ ಬ್ರೇಕ್ ಬೇರೆ ಬೇರೆ ಒತ್ತಿ ನೋಡಿ, ಎರಡನ್ನೂ ಸೇರಿಸೋ ಕೊಂಡಿ ಇದ್ಯಾ ನೋಡಿ, ಎಷ್ಟೋ ಗಾಡೀಲಿ ಅದು ಕಿತ್ತೇ ಹೋಗಿರುತ್ತೆ. ರೋಡಿಗೆ ಹೋಗುವಾಗ ಅದು ಹಾಕಿರ್ಲೇಬೇಕು, ಇಲ್ಲಾಂದ್ರೆ ಸ್ಪೀಡಲ್ಲಿ ಒಂದೇ ಕಡೆ ಬ್ರೇಕ್ ಹಿಡಿದು ಗಾಡಿ ಮಗುಚುತ್ತೆ. ಗೇರಲ್ಲಿಟ್ಟು ಇಳಿಜಾರಲ್ಲಿ ರೇಸ್ ಮೇಲಿಂದ ಕಾಲು ತೆಗೆದು ಇಳಿಸಿ ನೋಡಿ, ಗೇರ್ ತಾನಾಗೇ ನ್ಯೂಟ್ರಲ್‌ಗೆ ಎಗರಿದ್ರೆ ಆ ಗಾಡಿ ಬೇಡವೇ ಬೇಡ, ರೇಟ್ ಎಷ್ಟು ಇಳಿಸಿದ್ರೂ. ಇದನ್ನ ಮಾತ್ರ ಬುಡದಲ್ಲಿ ಸಮತಟ್ಟು ಜಾಗ ಇರೋ ಸಣ್ಣ ಇಳಿಜಾರಲ್ಲಿ ಮಾಡಿ, ಅನುಭವ ಇರೋರು ಸೀಟಲ್ಲಿರ್ಲಿ.

ಲಿಫ್ಟಿಗೆ ಟಿಲ್ಲರ್ರೋ ರೋಟವೇಟರೋ ಕಟ್ಟಿಸಿ ಎತ್ತಿಸಿ, ಇಂಜಿನ್ ಆಫ್ ಮಾಡಿ. ನಿಧಾನಕ್ಕೆ ಕೆಳಗೆ ಬಂದ್ರೆ ಹಳೇ ಗಾಡಿ ಅಂತ ಸುಮ್ನಿರಿ, ಆಫ್ ಮಾಡ್ತಿದ್ದಂಗೆ ದಡಕ್ಕಂತ ಕೂತ್ರೆ ಹೈಡ್ರಾಲಿಕ್ ಬಿಚ್ಚಿಸ್ಬೇಕು. ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಹಾಕಿ ಗದ್ದೆ ಉತ್ತ ಗಾಡೀನಾ ಅಂತಾನೂ ಕೇಳಿ, ಕೆಸರಲ್ಲಿ ದುಡಿದ ಗಾಡಿ ಆದ್ರೆ ಹಿಂದಿನ ಆಕ್ಸಲ್ ಸೀಲ್ ಹತ್ರ, ಬ್ರೇಕ್ ಡ್ರಮ್ ಒಳಗೆ ಆಯಿಲ್ ಜಿನುಗಿದ ಗುರುತು ಹುಡುಕಿ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ ಅಲ್ಲಾಡಿಸಿ, ಸೆಂಟರ್ ಪಿನ್, ಕಿಂಗ್ ಪಿನ್ ಸಡಿಲ ಆಗಿದ್ರೆ ಗೊತ್ತಾಗುತ್ತೆ. ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಅವರ್ ಮೀಟರ್ ನಂಬೋಕೆ ಹೋಗ್ಬೇಡಿ, ಅದರ ಕೇಬಲ್ ಕಿತ್ತು ಎಷ್ಟು ವರ್ಷ ಆಯ್ತೋ, ಕ್ಲಚ್ ಪೆಡಲ್ ಎಷ್ಟು ನುಣುಪಾಗಿದೆ ನೋಡಿ ಸಾಕು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2318 ಅಂತಿದ್ರೆ 2018ರ 23ನೇ ವಾರದ್ದು, ಹೊರಗೆ ಟೈರಿನ ಬಟನ್ (ನೆಲ ಹಿಡಿಯೋ ಉಬ್ಬು) ಚೆನ್ನಾಗಿದ್ರೂ ಪಕ್ಕ ಬಿರುಕು ಬಿಟ್ಟಿದ್ರೆ ಹಿಂದಿನ ಎರಡು ಟೈರಿನ ದುಡ್ಡು ರೇಟಲ್ಲಿ ಇಳಿಸಿಕೊಳ್ಳಿ.

ಪ್ರಶ್ನೆ: ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಲ್ಸಿದ್ವಿ, ಈಗ ತೆಗೆದ್ರೆ ಸ್ಟಾರ್ಟ್ ಆಗುತ್ತೆ ಆದ್ರೆ ಕ್ಲಚ್ ಒತ್ತಿದ್ರೂ ಗೇರ್ ಬೀಳ್ತಿಲ್ಲ, ಕರಕರ ಅಂತಿದೆ. ನಿಲ್ಸಿದ ಗಾಡಿ ಹಾಳಾಗೋದು ಹೇಗೆ?
— ಓದುಗರು, ನಾಪೋಕ್ಲು

ಉತ್ತರ: ನಮ್ಮಲ್ಲಿ ಟ್ರ್ಯಾಕ್ಟರ್ ಓಡಿಸಿ ಹಾಳಾಗೋದಕ್ಕಿಂತ ನಿಲ್ಲಿಸಿ ಹಾಳಾಗೋದೇ ಜಾಸ್ತಿ, ಇದನ್ನ ಎಷ್ಟು ಸಲ ಬರೆದ್ರೂ ಕಮ್ಮಿನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳೀಲೇ ನೀರಿರುತ್ತೆ, ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕು ಹಿಡಿದು ಅಂಟ್ಕೊಂಡಿದೆ ಅಷ್ಟೇ. ಬಿಡಿಸಬಹುದು, ಆದ್ರೆ ಎದುರಿಗೆ ಖಾಲಿ ಇರೋ ಸಮ ನೆಲದಲ್ಲಿ, ಗೊತ್ತಿರೋ ಮೆಕ್ಯಾನಿಕ್ ಕೈಲಿ. ಶೆಡ್ಡೊಳಗೆ ಗೇರಲ್ಲಿಟ್ಟು ಸ್ಟಾರ್ಟ್ ಮಾಡೋಕೆ ಹೋದ್ರೆ ಗಾಡಿ ಗೋಡೆ ಸಮೇತ ಆಚೆ ಹೋಗುತ್ತೆ. ಮುಂದಿನ ವರ್ಷ ನಿಲ್ಲಿಸುವಾಗ ಕ್ಲಚ್ ಪೆಡಲ್ ಕೆಳಗೆ ಒತ್ತಿ ಒಂದು ಮರದ ತುಂಡು ಕೊಟ್ಟು ಹಾಗೇ ಇಡಿ, ಪ್ಲೇಟ್ ಬಿಡಿಯಾಗಿ ಇರುತ್ತೆ.

ಇನ್ನೊಂದು, ನೆಟ್ಟಗೆ ಮೇಲೆ ನಿಂತಿರೋ ಸೈಲೆನ್ಸರ್ ಬಾಯಿಗೆ ಒಂದು ಖಾಲಿ ಡಬ್ಬ ಮಗುಚಿ ಹಾಕಿ. ಶೆಡ್ ಸೋರಿದ್ರೆ ಹನಿ ಹನಿ ನೀರು ಸೈಲೆನ್ಸರ್ ಒಳಗಿಂದ ಇಳಿದು, ತೆರೆದೇ ನಿಂತಿರೋ ವಾಲ್ವ್ ದಾಟಿ ಸಿಲಿಂಡರ್ ಸೇರುತ್ತೆ, ಪಿಸ್ಟನ್ ಅಲ್ಲೇ ಕಚ್ಕೊಳ್ಳುತ್ತೆ. ಡಬ್ಬಕ್ಕೆ ಕಾಸಿಲ್ಲ, ಸಿಲಿಂಡರ್ ಬೋರ್ ಕೆಲ್ಸಕ್ಕೆ ಎಷ್ಟು ಅಂತ ನಿಮಗೇ ಗೊತ್ತು. ಹಾಗೇ ಗೇರ್ ಲಿವರ್ ಬುಡದ ರಬ್ಬರ್ ಬೂಟ್ ನೋಡಿ, ಮ್ಯಾಸಿ ತರದ ಗಾಡೀಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್, ಆ ರಬ್ಬರ್ ಹರಿದಿದ್ರೆ ಮಳೆನೀರು ನೇರ ಕೆಳಗೆ ಹೋಗಿ ಲಿಫ್ಟ್ ಪಂಪೂ ಕೆಡುತ್ತೆ, ಬೇರಿಂಗೂ ಕೆಡುತ್ತೆ.

ಡೀಸಲ್ ಟ್ಯಾಂಕ್ ಫುಲ್ ಮಾಡಿ ನಿಲ್ಲಿಸಿ, ಖಾಲಿ ಜಾಗ ಇದ್ದಷ್ಟೂ ಒಳಗೆ ಬೆವರಿ ನೀರಾಗುತ್ತೆ. ತೆಗೆದಾಗ ಫಿಲ್ಟರ್ ಬಟ್ಟಲಿನ ತಳದ ನೀರು ಬಿಟ್ಟು ಆಮೇಲೆ ಡೀಸಲ್ ಪೈಪಿನ ಏರ್ ತೆಗೀರಿ. ಬ್ಯಾಟರಿ ನೆಗೆಟಿವ್ ವೈರ್ ಬಿಚ್ಚಿ. ಇಲಿ ವೈರ್ ಕಡಿಯೋದಕ್ಕೆ ನನ್ನ ಹತ್ರನೂ ಮದ್ದಿಲ್ಲ, ಬೆಕ್ಕು ಸಾಕಿ. ಹದಿನೈದು ದಿನಕ್ಕೊಂದ್ಸಲ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡೋದು ಪ್ರಯೋಜನ ಇಲ್ಲ, ಇಂಜಿನ್ ಪೂರ್ತಿ ಬಿಸಿ ಆಗೋವರೆಗೆ ಓಡಿಸಿ ಇಲ್ಲಾ ಮುಟ್ಟಲೇಬೇಡಿ. ನಾಟಿ ಕೆಲ್ಸಕ್ಕೆ ಬಳಸೋರು ಗದ್ದೆ ಮುಗಿದ ತಕ್ಷಣ, ಕೈಲ್ ಪೊಳ್ದ್ ಹಬ್ಬದ ಆಯುಧ ಪೂಜೆಗೆ ಕಾಯದೆ, ಚಕ್ರದ ಹಬ್ ತೊಳೆದು ಕೆಸರು ಹೊರಗೆ ಬರೋವರೆಗೂ ಗ್ರೀಸ್ ಹೊಡೀರಿ.

ಪ್ರಶ್ನೆ: ಅಜ್ಜ ತಗೊಂಡಿದ್ದ ಎಚ್‌ಎಂಟಿ 2511 ತೋಟದ ಮನೆ ಹಿಂದೆ ನಿಂತು ಬಹಳ ವರ್ಷ ಆಯ್ತು. ಗುಜರಿಗೆ ಹಾಕೋದಾ, ರೆಡಿ ಮಾಡೋದಾ?
— ಓದುಗರು, ಪೊನ್ನಂಪೇಟೆ

ಉತ್ತರ: ಗುಜರಿಯವನಿಗೆ ಫೋನ್ ಮಾಡೋ ಮುಂಚೆ ಇಂಜಿನ್ ಕೈಯಲ್ಲಿ ತಿರುಗುತ್ತಾ ನೋಡಿ. ಅದು ಝೆಟರ್ ಕಂಪನಿ ಡಿಸೈನಿನ ಇಂಜಿನ್, ಎರಡೇ ಸಿಲಿಂಡರ್, 25 ಎಚ್‌ಪಿ, ಕೆಲ್ಸಕ್ಕೆ ಸುಲಭ. ನಾಝಲ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಎರಡು ದಿನ ಬಿಟ್ಟು ನಿಧಾನಕ್ಕೆ ತಿರುಗಿಸಿ, ನೇರ ಸೆಲ್ಫ್ ಹೊಡೀಬೇಡಿ. ತಿರುಗಿದ್ರೆ ಹಳೇ ಡೀಸಲ್, ಆಯಿಲ್ ಎಲ್ಲ ಚೆಲ್ಲಿ, ಫಿಲ್ಟರ್ ಬದಲಾಯಿಸಿ ಮುಂದುವರೀರಿ. ತಿರುಗದೇ ಇದ್ರೆ ಲೆಕ್ಕ ಹಾಕ್ಬೇಕಾಗುತ್ತೆ, ಯಾಕಂದ್ರೆ ಹರಿಯಾಣದ ಪಿಂಜೋರ್‌ನ ಎಚ್‌ಎಂಟಿ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚೋಕೆ ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಾಯ್ತು, ಸ್ಪೇರ್ ಹುಡುಕ್ಕೊಂಡು ಅಲೀಬೇಕು. ಕಣದಿಂದ ಕಾಫಿ ಮೂಟೆ ಎಳೆಯೋಕೆ, ಗೊಬ್ಬರ ಹೊಡೆಯೋಕೆ ಆದ್ರೆ ರೆಡಿ ಮಾಡಿ. ದಿನಾ ದುಡಿಸೋಕೆ ಬೇರೆ ಗಾಡಿ ನೋಡಿ.

ಪ್ರಶ್ನೆ: ಫೆಬ್ರವರಿ, ಮಾರ್ಚಲ್ಲಿ ರೊಬಸ್ಟಾ ಕಾಫಿ ಹೂ ಬಿಡೋಕೆ ನೀರು ಕೊಡುವಾಗ ಟ್ರ್ಯಾಕ್ಟರ್ ಪಿಟಿಓಗೆ (ಹಿಂದೆ ತಿರುಗೋ ಶಾಫ್ಟಿಗೆ) ಪಂಪ್ ಕಟ್ತೀವಿ. ಎರಡು ಗಂಟೆ ಓಡೋಷ್ಟರಲ್ಲೇ ಟೆಂಪರೇಚರ್ ಮೇಲೆ ಹೋಗುತ್ತೆ.
— ಓದುಗರು, ಸಿದ್ದಾಪುರ

ಉತ್ತರ: ನಿಂತಲ್ಲೇ ದುಡಿಯೋ ಗಾಡಿಗೆ ಎದುರಿಂದ ಗಾಳಿ ಬರಲ್ಲ, ಎಲ್ಲ ಫ್ಯಾನ್ ಮೇಲೇ. ಮೊದ್ಲು ರೇಡಿಯೇಟರ್ ಜಾಲರಿಯ ಮುಂಭಾಗ ನೋಡಿ, ಒಣಗಿದ ಸಿಲ್ವರ್ ಓಕ್ ಎಲೆ, ಧೂಳು, ಆಯಿಲ್ ಸೇರಿ ಕಂಬಳಿ ತರ ಕೂತಿರುತ್ತೆ, ಫ್ಯಾನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೀರಿ. ಬೆಲ್ಟ್ ಸಡಿಲ ಇದ್ಯಾ ನೋಡಿ, ಇಂಜಿನ್ ಬಿಸಿ ಹದದಲ್ಲಿಡೋ ಥರ್ಮೋಸ್ಟಾಟ್ ಕಿತ್ತು ಬಿಸಾಕೋದು ರಿಪೇರಿ ಅಲ್ಲ. ರೇಸ್ ಕೊಡುವಾಗ ಇಂಜಿನ್ ಸೌಂಡ್ ನೋಡಿ ಅಲ್ಲ, ಪಿಟಿಓ ನಿಮಿಷಕ್ಕೆ 540 ಸುತ್ತು ಬರೋ ಗುರುತಿಗೆ ನಿಲ್ಲಿಸಿ, ಪಂಪಿಗೆ ಅದಕ್ಕಿಂತ ಜಾಸ್ತಿ ಬೇಕಿಲ್ಲ. ಏರ್ ಕ್ಲೀನರ್ ಆಯಿಲ್ ಬಟ್ಟಲೂ ಆ ತಿಂಗಳಲ್ಲಿ ದಿನಾ ನೋಡ್ಬೇಕು, ಗುರುತಿಗಿಂತ ಜಾಸ್ತಿ ತುಂಬಿಸ್ಬೇಡಿ, ಇಂಜಿನ್ ಆ ಆಯಿಲನ್ನೇ ಎಳ್ಕೊಂಡು ಆಫ್ ಮಾಡಿದ್ರೂ ನಿಲ್ಲದಂಗೆ ಓಡುತ್ತೆ. ಪಿಟಿಓ ಶಾಫ್ಟಿಗೆ ಕವರ್ ಇಲ್ದೆ ಪಂಚೆ ಉಟ್ಕೊಂಡು ಹತ್ರ ಹೋಗೋರಿಗೆ ನಾನು ಹೇಳೋದು ಒಂದೇ, ಹೋಗ್ಬೇಡಿ.

ಪ್ರಶ್ನೆ: ಕಂಪನಿ ಪಾರ್ಟ್ಸೇ ಬೇಕಾ, ಲೋಕಲ್ ಹಾಕಿದ್ರೆ ನಡೆಯುತ್ತಾ?
— ಓದುಗರು, ಗೋಣಿಕೊಪ್ಪ

ಉತ್ತರ: ಮಡ್‌ಗಾರ್ಡ್, ಲೈಟು, ಸೀಟು ಲೋಕಲ್ ಸಾಕು. ಸೀಲು, ಕ್ಲಚ್ ಪ್ಲೇಟು, ನಾಝಲ್, ಬ್ರೇಕ್ ಲೈನರ್ ಕಂಪನಿದೇ.

ಪ್ರಶ್ನೆ: ಟ್ರ್ಯಾಕ್ಟರ್ ಟ್ರೈಲರ್ ಸೇರಿಸಿ ಮಾತಾಡಿದೀವಿ. ಬ್ರೋಕರ್ "ಪೇಪರ್ ಎಲ್ಲ ಕ್ಲಿಯರ್, ಆಮೇಲೆ ಹೆಸರು ಮಾಡಿಸ್ಕೊಳ್ಳಿ" ಅಂತಾರೆ.
— ಓದುಗರು, ಕುಶಾಲನಗರ

ಉತ್ತರ: ಆಮೇಲೆ ಅನ್ನೋದು ಬೇಡ. ಆರ್‌ಸಿ ಕೈಗೆ ತಗೊಂಡು ಛಾಸಿ ನಂಬರ್, ಇಂಜಿನ್ ನಂಬರ್ ಗಾಡಿ ಮೇಲೆ ಇರೋದಕ್ಕೆ ಹೋಲಿಸಿ, ಪೇಂಟ್ ಮುಚ್ಚಿದ್ರೆ ಕೆರೆದು ನೋಡಿ. ಕೃಷಿ ಟ್ರ್ಯಾಕ್ಟರ್ ಆರ್‌ಸಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಂದ್ಸಲ ರಿನೀವಲ್, ಮೇಲೆ ಸೋಮವಾರಪೇಟೆಯವ್ರು ಹೇಳಿದ 2009ರ ಗಾಡಿಗೂ ಇದೇ ಪ್ರಶ್ನೆ ಬರುತ್ತೆ, ರಿನೀವಲ್ ಆಗಿದ್ಯಾ ಇಲ್ವಾ. ಆಗಿಲ್ಲ ಅಂದ್ರೆ ದಂಡ ಸಮೇತ ಮಾರೋರೇ ಮಾಡಿಸ್ಕೊಡ್ಲಿ. ಬ್ಯಾಂಕ್ ಸಾಲದಲ್ಲಿ ತಗೊಂಡಿದ್ರೆ ಆರ್‌ಸೀಲಿ ಬ್ಯಾಂಕ್ ಹೆಸರಿರುತ್ತೆ, ಸಾಲ ತೀರಿದ ಪತ್ರ, ಬ್ಯಾಂಕ್ ಸಹಿ ಇರೋ ಫಾರಂ 35 ಎರಡೂ ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡ್ಬೇಡಿ. ಹೆಸರು ಬದಲಾವಣೆಗೆ ಫಾರಂ 29, 30. ಕೇರಳ ಗಾಡಿ ಆದ್ರೆ ಅಲ್ಲಿನ ಆರ್‌ಟಿಓ ಎನ್ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು, ಇಲ್ಲಿನ ಟ್ಯಾಕ್ಸ್ ಎಷ್ಟಾಗುತ್ತೆ ಅಂತ ಮಡಿಕೇರಿ ಆರ್‌ಟಿಓ ಆಫೀಸಲ್ಲಿ ಮೊದ್ಲೇ ಕೇಳ್ಕೊಂಡು ರೇಟ್ ಮಾತಾಡಿ.

ಇನ್ಶೂರೆನ್ಸ್ ಥರ್ಡ್ ಪಾರ್ಟಿ ಆದ್ರೂ ನಿಮ್ಮ ಹೆಸರಿಗೆ ವರ್ಗ ಆಗ್ಲಿ. ಕಾಫಿ ಕುಯ್ಯೋ ಜನಾನ ಟ್ರೈಲರಲ್ಲಿ ತುಂಬ್ಕೊಂಡು ಹೋಗೋದು ನಮ್ಮಲ್ಲಿ ದಿನಾ ಕಾಣೋದೇ, ಏನಾದ್ರೂ ಆದ್ರೆ ಇನ್ಶೂರೆನ್ಸಿನವ್ರು ಮೊದ್ಲು ಎತ್ತೋ ತಕರಾರೇ ಅದು. ಮತ್ತೆ ಟ್ರೈಲರಿಗೆ ಬೇರೆ ಆರ್‌ಸಿ ಇರುತ್ತೆ, ಟ್ರ್ಯಾಕ್ಟರ್ ಆರ್‌ಸಿ ತೋರಿಸಿ ಎರಡಕ್ಕೂ ದುಡ್ಡು ಕೇಳೋರು ಇದಾರೆ. ನಿಮ್ಮ ಬ್ರೋಕರ್ ಹತ್ರ ಅದನ್ನೂ ಕೇಳಿ ನೋಡಿ.