ಎದುರಿನವರು ‘ಹೌದು’, ‘ಇಲ್ಲ’ ಎಂದಷ್ಟೇ ಹೇಳಿ ಮಾತು ಮುಗಿಸಿದರೆ ಏನು ಮಾಡಬೇಕು?

ಎಷ್ಟು ಪ್ರಶ್ನೆ ಕೇಳಿದರೂ ಜನ ಮನಬಿಚ್ಚಿ ಮಾತನಾಡುವುದಿಲ್ಲ, ‘ಹೌದು’, ‘ಇಲ್ಲ’ ಎಂದು ಮುಗಿಸಿಬಿಡುತ್ತಾರೆ ಎಂದು ನೀವು ಬರೆದಿದ್ದೀರಿ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ರೈತರಿಗೆ ಬೆಳೆ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಮೊದಲೆರಡು ವರ್ಷ ನನ್ನ ದೂರೂ ಇದೇ ಆಗಿತ್ತು. ದೋಷ ನನ್ನ ಪ್ರಶ್ನೆಗಳಲ್ಲೇ ಇದೆಯೆಂದು ತಿಳಿದದ್ದು ಒಂದು ಒಣಗಿದ ತೊಗರಿ ಗಿಡದಿಂದ.

ತೊಗರಿ ಹೂ ಬಿಡುವ ಹೊತ್ತಿಗೆ ಹಿರಿಯ ರೈತರೊಬ್ಬರು ಆ ಗಿಡವನ್ನು ಬೇರುಸಹಿತ ಕಿತ್ತು ತಂದಿದ್ದರು. “ಬೀಜೋಪಚಾರ ಮಾಡಿದ್ರಾ?” ಎಂದೆ, ಅಂದರೆ ಬಿತ್ತುವ ಮೊದಲು ಬೀಜಕ್ಕೆ ರೋಗ ತಡೆಯುವ ಔಷಧ ಲೇಪಿಸಿದ್ದರೇ ಎಂದು. “ಹೂಂನ್ರಿ.” “ಔಷಧ ಹೊಡೆದ್ರಾ?” “ಹೂಂನ್ರಿ.” ನಾನು ಚೀಟಿ ಬರೆಯತೊಡಗಿದೆ. ನಮ್ಮ ಕಡೆಯ ‘ಹೂಂ’ ಎಷ್ಟೋ ಸಲ ಒಪ್ಪಿಗೆಯಲ್ಲ, ‘ನಿಮ್ಮ ಮಾತು ಕಿವಿಗೆ ಬಿತ್ತು’ ಎಂಬ ಮರ್ಯಾದೆಯಷ್ಟೇ ಎಂಬುದು ಇಲ್ಲೇ ಹುಟ್ಟಿ ಬೆಳೆದ ನನಗೂ ಹೊಳೆದಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಅವರನ್ನು ಕೂರಿಸಿ, ನೀರು ಕೊಟ್ಟು, “ಹೋದ ವರ್ಷ ಈ ಹೊಲದಾಗ ಏನ್ ಬಿತ್ತಿದ್ರಿ, ಕಾಕಾ?” ಎಂದು ಕೇಳಿ ಸುಮ್ಮನಾದರು. ಆ ಮೌನದಲ್ಲಿ ಕಸಿವಿಸಿಗೊಂಡವನು ನಾನೊಬ್ಬನೇ. “ತೊಗರೀನೇ ರೀ. ಅದರ ಹಿಂದಿನ ವರ್ಷನೂ ಅದೇ” ಎಂದು ಶುರು ಮಾಡಿದ ಕಾಕಾ, ಬೀಜವನ್ನು ಬೀಗರ ಮನೆಯಿಂದ ತಂದದ್ದು, ಮಳೆ ಬಿದ್ದ ಅವಸರದಲ್ಲಿ ಉಪಚಾರ ಬಿಟ್ಟುಹೋದದ್ದು, ಎಲ್ಲವನ್ನೂ ತಾವಾಗಿಯೇ ಹೇಳಿದರು. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆಗಳು: ಗಿಡವನ್ನು ಬಾಡಿಸಿ ಒಣಗಿಸುವ ನೆಟೆ ರೋಗ. ಅದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಒಂದೇ ಹೊಲದಲ್ಲಿ ಮೇಲಿಂದ ಮೇಲೆ ತೊಗರಿ ಹಾಕಿದಷ್ಟೂ ಹೆಚ್ಚುತ್ತದೆ. ಮಣ್ಣಿನಿಂದ ಬರುವ ಈ ರೋಗಕ್ಕೆ ನಾಟದ, ನಾನು ಬರೆಯುತ್ತಿದ್ದ ಸಿಂಪಡಣೆಯ ಔಷಧಕ್ಕೆ ಅವರು ಹಣ ಸುರಿದು ಬರುತ್ತಿದ್ದರಷ್ಟೆ. ಕನ್ನಡದಲ್ಲಿ ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ‘ಕೇಳು’ ಎಂಬ ಒಂದೇ ಮಾತು ಸಲ್ಲುತ್ತದೆ. ನಾನು ಅದರಲ್ಲಿ ಅರ್ಧವನ್ನು ಮಾತ್ರ ಮಾಡುತ್ತಿದ್ದೆ.

ಅಂದಿನಿಂದ ‘ಯಾಕೆ’ ಎಂಬ ಪದವನ್ನು ಆದಷ್ಟು ಬಿಟ್ಟಿದ್ದೇನೆ. “ಯಾಕೆ ಉಪಚಾರ ಮಾಡಲಿಲ್ಲ?” ಎಂದರೆ ಠಾಣೆಯ ವಿಚಾರಣೆಯಂತಾಗಿ ಎದುರಿನವರು ಸಮಜಾಯಿಷಿ ಹುಡುಕುತ್ತಾರೆ, “ಬಿತ್ತೋ ದಿನ ಬೀಜ ಹೆಂಗ ತಯಾರ ಮಾಡ್ಕೊಂಡ್ರಿ?” ಎಂದರೆ ಆ ದಿನದ ಕಥೆಯೇ ಹೊರಬರುತ್ತದೆ. ಕೇಳಿಸಿಕೊಂಡದ್ದನ್ನು ನನ್ನ ಮಾತಿನಲ್ಲಿ ಮರಳಿ ಹೇಳಿ “ಹಿಂಗ ಏನ್ರಿ?” ಎಂದು ಖಾತ್ರಿ ಮಾಡಿಕೊಳ್ಳುವುದನ್ನೂ ರೂಢಿಸಿಕೊಂಡೆ. ಒಮ್ಮೆ ‘ಎರಡು ಕೂರಿಗೆ’ (ಬಿತ್ತುವ ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತುವಷ್ಟು ಹೊಲ ಒಂದು ಕೂರಿಗೆ) ಎಂದದ್ದನ್ನು ಎರಡು ಎಕರೆಯೆಂದು ಬರೆದುಕೊಂಡು ಬೀಜದ ಲೆಕ್ಕವನ್ನೇ ಕೆಡಿಸಿದ್ದೆ.

ಮುಂಗಾರು ಬಿತ್ತನೆಯ ಹೊತ್ತಿನಲ್ಲಿ ರೈತರ ಸಾಲು ಬಾಗಿಲಾಚೆಗೂ ಬೆಳೆದಾಗ ಹಳೆಯ ಚಾಳಿ ಈಗಲೂ ಮರಳುತ್ತದೆ. ಸಾಲಾಗಿ ಎರಡು ‘ಹೂಂನ್ರಿ’ ಬಂದವೆಂದರೆ ಪೆನ್ನು ಕೆಳಗಿಟ್ಟು ಮೊದಲಿನಿಂದ ಕೇಳುತ್ತೇನೆ.